ಮಾಡ್ಯುಲೇಶನ್‌ನ ‘ನೆಗೆಟಿವ್ ಪೀಕ್’: ಋಣ ಶಿಖರವೋ, ತಗ್ಗೋ, ಕುಗ್ಗೋ?

ಎ.ಎಂ. ರೇಡಿಯೋ ಟ್ರಾನ್ಸ್‌ಮಿಟರ್‌ನಲ್ಲಿ ಮಾಡ್ಯುಲೇಶನ್ ಹೊಂದಿಸುವ ಕ್ರಮವನ್ನು ಹೊಸ ತಂತ್ರಜ್ಞರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಮಾಡ್ಯುಲೇಶನ್’ (ಎ.ಎಂ.ನಲ್ಲಿ, ಧ್ವನಿಗೆ ತಕ್ಕಂತೆ ರೇಡಿಯೋ ಅಲೆಯ ಎತ್ತರವನ್ನು ಏರಿಳಿಸುವುದು) ಎಂಬುದು ಕೆಲಸ ಮಾಡುವವರ ಬಾಯಲ್ಲಿ ಆಗಲೇ ಕನ್ನಡವಾಗಿದೆ. ಧ್ವನಿಯನ್ನು ಹೊತ್ತೊಯ್ಯುವ ಆ ಅಲೆಗೆ ‘ವಾಹಕ ತರಂಗ’ ಎಂಬ ಹೆಸರು ಪಠ್ಯಪುಸ್ತಕಗಳಿಂದ ಪರಿಚಿತ. ಇವೆರಡನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ. ನನ್ನನ್ನು ಕಾಡುತ್ತಿರುವುದು ‘ನೆಗೆಟಿವ್ ಪೀಕ್’ ಎಂಬ ಜೋಡಿಪದ.

ಮೊದಲ ಕರಡಿನಲ್ಲಿ ನಾನು ‘ಋಣ ಶಿಖರ ಶೇ. 100ನ್ನು ದಾಟಬಾರದು’ ಎಂದು ಬರೆದಿದ್ದೆ. ಅದನ್ನು ಓದಿದ ಕಲಿಕೆಯ ಹುಡುಗನೊಬ್ಬ ಆಸಿಲೋಸ್ಕೋಪಿನ (ಅಲೆಯ ಆಕಾರ ತೋರಿಸುವ ಉಪಕರಣದ) ಪರದೆಯಲ್ಲಿ ಚಿತ್ರದ ಕೆಳ ಅಂಚಿನ ಮೇಲೆ ಬೆರಳಿಟ್ಟು ‘ಇದೇ ಅಲ್ಲವೇ ಸರ್?’ ಎಂದು ಕೇಳಿದ. ತಪ್ಪು ಅವನದಲ್ಲ, ನನ್ನ ಪದದ್ದು. ವಾಹಕ ತರಂಗದ ಚಿತ್ರ ನಡುಗೆರೆಯ ಮೇಲೂ ಕೆಳಗೂ ಕನ್ನಡಿಯ ಬಿಂಬದಂತೆ ಸಮನಾಗಿ ಹರಡಿರುತ್ತದೆ. ಧ್ವನಿ ಬಂದಾಗ ಅದರ ಎರಡೂ ಅಂಚುಗಳು ಒಟ್ಟಿಗೇ ಹೊರಕ್ಕೆ ಸರಿಯುತ್ತವೆ, ಒಟ್ಟಿಗೇ ನಡುಗೆರೆಯತ್ತ ಬರುತ್ತವೆ. ‘ನೆಗೆಟಿವ್ ಪೀಕ್’ ಎಂದರೆ ಚಿತ್ರ ಅತ್ಯಂತ ಕಿರಿದಾಗುವ ಜಾಗವೇ ಹೊರತು ಕೆಳ ಅಂಚಲ್ಲ. ಇದೇ ಕಾರಣಕ್ಕೆ, ನಂತರ ನನಗೆ ಹೊಳೆದ ‘ತಗ್ಗು’ ಎಂಬ ಪದವನ್ನೂ ಕೈಬಿಟ್ಟೆ. ಅದು ಕೂಡ ಕಣ್ಣನ್ನು ಕೆಳಕ್ಕೇ ಎಳೆಯುತ್ತದೆ.

ಈಗ ನಾನು ಮುಂದಿಡುತ್ತಿರುವುದು ‘ಹಿಗ್ಗು’ ಮತ್ತು ‘ಕುಗ್ಗು’ ಎಂಬ ಜೋಡಿ: ಚಿತ್ರ ಅತ್ಯಂತ ಅಗಲವಾಗುವ ‘ಪಾಸಿಟಿವ್ ಪೀಕ್’ಗೆ ಹಿಗ್ಗು, ‘ನೆಗೆಟಿವ್ ಪೀಕ್’ಗೆ ಕುಗ್ಗು. ಒಂದೇ ಸ್ವರದ ಪರೀಕ್ಷಾ ಧ್ವನಿಯನ್ನು ಕೊಟ್ಟಾಗ ಚಿತ್ರ ಅಗಲವಾದಲ್ಲಿ 6 ಚೌಕ, ಕಿರಿದಾದಲ್ಲಿ 2 ಚೌಕ ಇದ್ದರೆ, ಅವುಗಳ ವ್ಯತ್ಯಾಸವಾದ 4ನ್ನು ಮೊತ್ತವಾದ 8ರಿಂದ ಭಾಗಿಸಬೇಕು, ಮಾಡ್ಯುಲೇಶನ್ ಶೇ. 50. ಧ್ವನಿ ಇಲ್ಲದಾಗ ಇದೇ ಚಿತ್ರದ ಅಗಲ 4 ಚೌಕ, ಅದು ಅರ್ಧಕ್ಕೆ ಕುಗ್ಗಿದೆ ಎಂದು ಹೇಳಿದರೆ ಲೆಕ್ಕವೂ ಮಾತೂ ಒಂದಾಗುತ್ತವೆ. ಪೂರ್ತಿ ಕುಗ್ಗಿ ನಡುಗೆರೆ ಮುಟ್ಟಿದರೆ ಶೇ. 100, ಅದಕ್ಕಿಂತ ಹೆಚ್ಚು ಕುಗ್ಗಲು ಜಾಗವೇ ಇಲ್ಲ. ಆದರೂ ಧ್ವನಿಯನ್ನು ಏರಿಸುತ್ತ ಹೋದರೆ ವಾಹಕ ಆ ಕ್ಷಣಗಳಲ್ಲಿ ಕಡಿದುಹೋಗುತ್ತದೆ, ಎರಡು ಉಬ್ಬುಗಳ ನಡುವೆ ಬರಿಯ ಹೊಳೆಯುವ ಗೆರೆಯಷ್ಟೇ ಕಾಣುತ್ತದೆ, ಮತ್ತು ಆ ಕಡಿತದಿಂದ ಹುಟ್ಟಿದ ಬೇಡದ ಆವೃತ್ತಿಗಳು ಪಕ್ಕದ ಕೇಂದ್ರದ ಪ್ರಸಾರದೊಳಗೆ ನುಗ್ಗಿ ಅದನ್ನು ಕೆಡಿಸುತ್ತವೆ.

ಹಿಗ್ಗಿಗೆ ಇಂತಹ ನೆಲೆಗಟ್ಟಿನ ಮಿತಿಯಿಲ್ಲ. ಟ್ರಾನ್ಸ್‌ಮಿಟರ್‌ನ ಶಕ್ತಿ ಮತ್ತು ನಿಯಮಗಳು ಮಾತ್ರ ಅದನ್ನು ತಡೆಯುತ್ತವೆ. ಮನುಷ್ಯರ ಧ್ವನಿಯ ಅಲೆ ಎರಡೂ ಬದಿಗೆ ಸಮನಾಗಿರುವುದಿಲ್ಲವಾದ್ದರಿಂದ ಒಂದು ಬದಿ ಹೆಚ್ಚು ಏರಬಹುದು. ಅಮೆರಿಕದ ಪ್ರಸಾರ ನಿಯಮಗಳು ಹಿಗ್ಗಿಗೆ ಶೇ. 125, ಮತ್ತೆ ಮತ್ತೆ ಬರುವ ಕುಗ್ಗಿಗೆ ಶೇ. 100 ಎಂದು ಬೇರೆ ಬೇರೆ ಮಿತಿ ಇಟ್ಟಿರುವುದು ಈ ವ್ಯತ್ಯಾಸವನ್ನು ಗಮನಿಸಿಯೇ. ಎರಡಕ್ಕೂ ‘ಶಿಖರ’ ಎಂಬ ಒಂದೇ ಪದವಿದ್ದರೆ ಈ ಭೇದ ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

‘ಮಾಡ್ಯುಲೇಶನ್ ಮಟ್ಟ’ ಎಂಬ ಬಳಕೆಯೂ ನನಗೆ ಒಪ್ಪಿಗೆಯಾಗುತ್ತಿಲ್ಲ. ‘ಮಟ್ಟ ಏರಿಸಿ’ ಎಂದರೆ ಒಳಬರುವ ಧ್ವನಿಯನ್ನೋ, ವಾಹಕದ ಶಕ್ತಿಯನ್ನೋ ಎಂಬುದು ತಿಳಿಯದು. ವಾಹಕ 10 ಕಿಲೋವ್ಯಾಟ್ ಇದ್ದು ಶುದ್ಧ ಸ್ವರದಿಂದ ಶೇ. 100 ಮಾಡ್ಯುಲೇಶನ್ ಆದಾಗ ಒಟ್ಟು ಶಕ್ತಿ 15 ಕಿಲೋವ್ಯಾಟ್ ಆಗುತ್ತದೆ, ಆದರೆ ಹೆಚ್ಚಿದ 5 ಕಿಲೋವ್ಯಾಟ್ ಇರುವುದು ಪಕ್ಕಪಟ್ಟಿಗಳಲ್ಲಿ, ಅಂದರೆ ವಾಹಕದ ಆವೃತ್ತಿಯ ಎರಡೂ ಪಕ್ಕದಲ್ಲಿ ಮಾಡ್ಯುಲೇಶನ್‌ನಿಂದ ಹುಟ್ಟುವ ಆವೃತ್ತಿಗಳಲ್ಲಿ. ವಾಹಕದ ಶಕ್ತಿ ಇದ್ದಷ್ಟೇ ಇರುತ್ತದೆ. ಆದ್ದರಿಂದ ‘ಮಾಡ್ಯುಲೇಶನ್ ಪ್ರಮಾಣ’ ಎಂದೇ ಬರೆಯುತ್ತಿದ್ದೇನೆ.

ನನಗಿರುವ ಅಳುಕು ಒಂದೇ. ‘ಹಿಗ್ಗು’ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಸಂತೋಷ. ‘ಹಿಗ್ಗು ಶೇ. 125 ಮೀರಬಾರದು’ ಎಂಬ ವಾಕ್ಯ ತಾಂತ್ರಿಕ ಬರಹದಲ್ಲಿ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಅಥವಾ ಅದರ ಬದಲು ‘ಉಬ್ಬು’ ಎಂದಿಟ್ಟು ‘ಉಬ್ಬು–ಕುಗ್ಗು’ ಎಂಬ ಜೋಡಿಯನ್ನು ಬಳಸುವುದು ಲೇಸೇ? ಯಂತ್ರದ ಮುಂದೆ ನಿಂತು ಕೆಲಸ ಮಾಡಿದವರು ಆಡುಮಾತಿನಲ್ಲಿ ಬೇರೆ ಪದ ಬಳಸುತ್ತಿದ್ದರೆ, ಅದನ್ನು ಬಳಸುವ ಪೂರ್ಣ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.