ಸಣ್ಣ ಪ್ರೈವೇಟ್ ಯೂನಿವರ್ಸಿಟಿಗೆ ಅಪ್ಲೈ ಮಾಡೋಕೆ ಮುಂಚೆ ಏನೇನ್ ನೋಡ್ಬೇಕು?

ಹಿರಿಯೂರ್ ಹುಡುಗ:
ಎಲ್ರಿಗೂ ನಮಸ್ಕಾರ. ತಂಗಿ ಸೆಕೆಂಡ್ ಪಿಯು ಆರ್ಟ್ಸ್ ಓದ್ತಿದಾಳೆ, ಹಿಸ್ಟ್ರಿ ಅಂದ್ರೆ ಪ್ರಾಣ. ಬೆಂಗಳೂರಲ್ಲಿ ಒಂದು ಸಣ್ಣ ಪ್ರೈವೇಟ್ ಯೂನಿವರ್ಸಿಟಿಗೆ ವಿಚಾರಿಸೋಕೆ ಹೋಗಿದ್ವಿ, ಅಡ್ಮಿಶನ್ ಕೌಂಟರ್‌ನೋರು ಇವತ್ತೇ 25 ಸಾವಿರ ಕಟ್ಟಿ ಸೀಟ್ ಬ್ಲಾಕ್ ಮಾಡಿ, ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಲ್ಲೇ ಬಿಟ್ಟೋಗಿ ಅಂತಾರೆ, ನಾಳೆ ಬಂದ್ರೆ ಸೀಟ್ ಗ್ಯಾರಂಟಿ ಇಲ್ವಂತೆ. ಅಪ್ಪ ಈರುಳ್ಳಿ ದುಡ್ಡಲ್ಲಿ ಕಟ್ಟೋಣ ಅಂತಿದಾರೆ, ನಂಗೆ ಧೈರ್ಯ ಬರ್ತಿಲ್ಲ. ತಂಗಿ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಗೂ ಹಾಕ್ತೀನಿ ಅಂತಾಳೆ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಗುತ್ತಾ? ಗೊತ್ತಿರೋರು ಹೇಳಿ ಪ್ಲೀಸ್.

ಧಾರವಾಡ ಮಾಸ್ತರ್:
ತಮ್ಮಾ, ಒರಿಜಿನಲ್ ಯಾರ ಕೈಯಾಗೂ ಕೊಡಬ್ಯಾಡ. ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ಳೋಹಂಗಿಲ್ಲ ಅಂತ ಯುಜಿಸಿ (ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ) 2018ರಾಗ ಆದೇಶ ಮಾಡೇತಿ, ನೋಡಿ ವಾಪಸ್ ಕೊಡಬೇಕು ಅಷ್ಟ. ಅದ ಆದೇಶದಾಗ ಫೀಸ್ ವಾಪಸ್ ಲೆಕ್ಕಾನೂ ಐತಿ, ಅಡ್ಮಿಶನ್ ಕೊನೆ ತಾರೀಖಿಗೆ 15 ದಿನ ಮೊದಲ ಬಿಟ್ರ ಪೂರ್ತಿ ಫೀಸು (ಪ್ರೊಸೆಸಿಂಗ್ ಅಂತ 5 ಪರ್ಸೆಂಟ್ ಮುರ್ಕೋಬಹುದು, ಅದೂ 5000 ದಾಟಬಾರದು), ಆಮ್ಯಾಲ ಕಡಿಮಿ ಆಗ್ಕೋತ ಹೋಗಿ ಕೊನೆ ತಾರೀಖು ಮುಗದು 30 ದಿನ ದಾಟಿದ ಮ್ಯಾಲ ಏನೂ ಬರಂಗಿಲ್ಲ. ಇವತ್ತ ಕಟ್ಟು ಅಂತ ಗಂಟುಬೀಳೋರ್ನ ಕಂಡ್ರ ನಂಗ ಸಿಟ್ಟ ಬರತೈತಿ, ರೈತರ ರೊಕ್ಕ ಅದು. ಮೊದ್ಲ ಯುಜಿಸಿ ವೆಬ್‌ಸೈಟಿನಾಗ ಪ್ರೈವೇಟ್ ಯೂನಿವರ್ಸಿಟಿ ಪಟ್ಟಿ ತೆಗದು ಕರ್ನಾಟಕದ್ದು ನೋಡು, ಹೆಸರು ಅಕ್ಷರಕ್ಕಕ್ಷರ ಕೂಡಬೇಕು. ಇನ್ನೊಂದು, ಪ್ರೈವೇಟ್ ಯೂನಿವರ್ಸಿಟಿಗೆ ಬ್ಯಾರೆ ಕಾಲೇಜಿಗೆ ಅಫಿಲಿಯೇಶನ್ (ಆ ಕಾಲೇಜಿನಾಗ ಓದಿದೋರಿಗೆ ತನ್ನ ಡಿಗ್ರಿ ಸಿಗೋಹಂಗ ಮಾನ್ಯತೆ) ಕೊಡೋ ಅಧಿಕಾರ ಇಲ್ಲ. ಅದಕ್ಕ ಕ್ಲಾಸ್ ಎಲ್ಲಿ ನಡಸ್ತಾರ ಕೇಳು, ಯಾವುದೋ ಕಾಲೇಜಿನ ಎರಡನೇ ಮಹಡಿ ತೋರಿಸಿದ್ರ ಅಲ್ಲಿಂದ ಎದ್ದು ಬಾ.

ಸರ್ಜಾಪುರ ಹಾಸ್ಟೆಲ್:
ನಾನು ಅಜೀಂ ಪ್ರೇಮ್‌ಜೀಲೇ ಓದ್ತಿರೋದು, ಚಿಕ್ಕಮಗಳೂರ್ ಕಡೆಯೋಳು, ನಾನೂ ಕನ್ನಡ ಮೀಡಿಯಮ್ಮೇ, ತಂಗಿಗೆ ಖಂಡಿತ ಹಾಕೋಕೆ ಹೇಳಿ. ಅದು 2010ರ ಕರ್ನಾಟಕದ ಕಾಯ್ದೆಯಿಂದ ಆಗಿರೋ ಯೂನಿವರ್ಸಿಟಿ, ಲಿಸ್ಟಲ್ಲಿ ಇದೆ. ಎಂಟ್ರೆನ್ಸ್ ಟೆಸ್ಟ್ ಆಮೇಲೆ ಇಂಟರ್‌ವ್ಯೂ. ಟೆಸ್ಟಿಗೆ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಳ್ಳೋದು ಬೇಕೇ ಬೇಕು, ಈಗಿಂದ್ಲೇ ದಿನಾ ಇಂಗ್ಲಿಷ್ ಪೇಪರಲ್ಲಿ ಒಂದು ಲೇಖನ ಓದಿ ನಾಲ್ಕು ಸಾಲಲ್ಲಿ ತನ್ನ ಮಾತಲ್ಲಿ ಬರೀಲಿ. ಇಂಟರ್‌ವ್ಯೂನಲ್ಲಿ ನಮ್ಮೂರ ಕೆರೆ ಬಗ್ಗೆ ಕೇಳಿದ್ರು, ಯಾರು ಕಟ್ಸಿದ್ದು, ಹೂಳು ಯಾಕೆ ತುಂಬಿದೆ ಅಂತ. ನಾನು ತಡವರಿಸ್ಕೊಂಡೇ ಹೇಳ್ದೆ, ತಾಳ್ಮೆಯಿಂದ ಕೇಳಿಸ್ಕೊಂಡ್ರು. ನಿಮ್ ತಂಗಿಗೆ ವಾಣಿವಿಲಾಸ ಸಾಗರ ಪಕ್ಕದಲ್ಲೇ ಇದೆಯಲ್ಲ!

ಹಿರಿಯೂರ್ ಹುಡುಗ:
ಮಾಸ್ತರೆ, ಅಕ್ಕ, ತುಂಬಾ ಥ್ಯಾಂಕ್ಸ್. 25 ಸಾವಿರ ಕಟ್ಟಲ್ಲ ಅಂತ ಅಪ್ಪನಿಗೆ ಹೇಳ್ದೆ. ಅಲ್ಲಿ ಫೀಸ್ ಹೆಂಗೆ ಅಕ್ಕ?

ಸರ್ಜಾಪುರ ಹಾಸ್ಟೆಲ್:
ಫೀಸ್ ನೋಡಿ ಹೆದರ್ಕೋಬೇಡಿ, ಮನೆ ಆದಾಯ ನೋಡಿ ಸ್ಕಾಲರ್‌ಶಿಪ್ ಕೊಡ್ತಾರೆ, ಕೆಲವ್ರಿಗೆ ಹಾಸ್ಟೆಲ್ ಊಟ ಸೇರಿ. ನಾಡಕಚೇರೀಲಿ ಆದಾಯ ಪ್ರಮಾಣಪತ್ರ ಈಗ್ಲೇ ಮಾಡಿಸಿಡಿ. ಪಿಯು ರಿಸಲ್ಟ್‌ಗೆ ಕಾಯಬೇಡಿ, ಅಷ್ಟೊತ್ತಿಗೆ ಅಪ್ಲಿಕೇಶನ್ ಕ್ಲೋಸ್ ಆಗಿರುತ್ತೆ.