ಅಪ್‌ಡೇಟ್: ಮಗನಿಗೆ ಹೆಸರು ಸಿಕ್ಕಿತು

ಗಂಡುಮಗುವಿಗೆ ಕನ್ನಡ ಸಾಹಿತ್ಯದ ನಂಟಿರುವ, ಕರೆಯಲು ಸುಲಭವಾದ ಹೆಸರು ಹೇಳಿ ಅಂತ ಹೋದ ತಿಂಗಳು ಕೇಳಿದ್ದೆ. ಜಾಸ್ತಿ ಜನ ಹೇಳಿದ್ದು ತೇಜಸ್ವಿ. ನಮಗೂ ಇಷ್ಟವೇ. ಆದರೆ ನಮ್ಮ ಬೀದಿಯಲ್ಲೇ ಈಗಾಗಲೇ ಇಬ್ಬರು ತೇಜಸ್ವಿಗಳಿದ್ದಾರೆ! ಕುವೆಂಪು ತಮ್ಮ ಎರಡನೇ ಮಗನಿಗೆ ಇಟ್ಟ ಕೋಕಿಲೋದಯ ಚೈತ್ರ ಎಂಬ ಹೆಸರನ್ನು ಒಬ್ಬರು ನೆನಪಿಸಿದ್ದರು. ಎಷ್ಟು ಚಂದ ಅಲ್ವಾ? ಆದರೆ ಈಗ ಚೈತ್ರ ಅಂದರೆ ಹುಡುಗಿ ಅಂದುಕೊಳ್ಳುವವರೇ ಹೆಚ್ಚು. ಪಂಪ ಅಂದಾಗ ನನ್ನ ತಮ್ಮ "ಸ್ಕೂಲಲ್ಲಿ ಪಂಪ್‌ಸೆಟ್ ಅಂತಾರೆ" ಎಂದು ನಕ್ಕ. ಅಲ್ಲಿಗೆ ಅದೂ ಹೋಯಿತು.

ಕೊನೆಗೆ ಇಟ್ಟಿದ್ದು ರನ್ನ. ನಿಜ ಹೇಳಬೇಕೆಂದರೆ ಹುಡುಕಿದ್ದು ನಾವಲ್ಲ, ನಮ್ಮಮ್ಮ. ಎಣ್ಣೆ ಹಚ್ಚುವಾಗ ದಿನಾ "ನನ್ನ ಚಿನ್ನ, ನನ್ನ ರನ್ನ" ಅಂತ ಮುದ್ದು ಮಾಡುತ್ತಿದ್ದರು. ರತ್ನವೇ ಕನ್ನಡದ ಬಾಯಲ್ಲಿ ರನ್ನ ಆಗಿದ್ದು. 10ನೇ ಶತಮಾನದ ಕವಿಯ ಹೆಸರೂ ಆಯಿತು, ಅಜ್ಜಿಯ ಮುದ್ದಿನ ಮಾತೂ ಆಯಿತು. ಕವಿ ರನ್ನ ಮುಧೋಳದವನು, ಬಳೆಗಾರರ ಮನೆಯವನು. ನನ್ನ ಹೆಂಡತಿಯ ತವರೂ ಆ ಕಡೆಯೇ. ಮಾವನವರಂತೂ ಊರೆಲ್ಲ ಹೇಳಿಕೊಂಡು ಬಂದರು.

ಸರ್ಟಿಫಿಕೇಟಿಗೆ ಅವಸರಪಡಬೇಡಿ ಎಂದವರಿಗೆ ಥ್ಯಾಂಕ್ಸ್. ಜನನ ನೋಂದಣಿ ಮೊದಲೇ ಹೆಸರಿಲ್ಲದೆ ಆಗಿತ್ತು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ.

ಇಂಗ್ಲಿಷ್‌ನಲ್ಲಿ ಬರೆಯುವಾಗ ಎನ್ ಒಂದಾ, ಎರಡಾ ಅಂತ ಮಾತ್ರ ಮನೆಯಲ್ಲಿ ಇನ್ನೂ ಜಗಳ ನಡೆದಿದೆ.