ಅಮೆರಿಕದಿಂದ ಐಫೋನ್ ತರಿಸೋದು: ನೆಟ್‌ವರ್ಕ್ ಕಂಪನಿ ಸ್ಟೋರಿಂದೋ, ಅನ್‌ಲಾಕ್ಡೋ?

ಅಡಕೆ_ಅಂಗಳ (ಶಿರಸಿ):
ನಮ್ ಭಾವ ಡಲ್ಲಾಸಲ್ಲಿದ್ದಾನೆ, ಬರೋ ತಿಂಗಳು ಊರಿಗೆ ಬರ್ತಾನೆ. ನಂಗೊಂದು ಐಫೋನ್ ತಾ ಮಾರಾಯ ಅಂದಿದ್ದೆ. ಈಗ ಅವ ಹೇಳೋದು, ಎಟಿ ಆಂಡ್ ಟಿ (ಅಲ್ಲಿನ ಮೊಬೈಲ್ ನೆಟ್‌ವರ್ಕ್ ಕಂಪನಿ) ಸ್ಟೋರಲ್ಲಿ ತಗಂಡ್ರೆ ಕಡಿಮೆಗೆ ಬೀಳ್ತದೆ, 36 ತಿಂಗಳು ಬಿಲ್ಲಲ್ಲೇ ಕಟ್ತಾ ಹೋದ್ರಾಯ್ತು, ನೀ ನಂಗೆ ನಿಧಾನಕ್ಕೆ ಕೊಡು ಅಂತ. ಆಪಲ್‌ದ್ರಲ್ಲೇ ತಗಂಡ್ರೆ ಪೂರ್ತಿ ದುಡ್ಡು ಒಂದೇ ಸಲ. ಅಡಕೆ ಇನ್ನೂ ಕೊಟ್ಟಿಲ್ಲ, ಹಂಗಾಗಿ ಮನಸ್ಸು ಕಂತಿನ ಕಡೆಗೇ ಎಳೀತಿದೆ. ಇಲ್ಲಿ ಸಿಮ್ ಹಾಕಿದ್ರೆ ನಡೀತದಲ್ಲ? ನಮ್ಮನೇಲಿ ಬಿಎಸ್ಸೆನ್ನೆಲ್ ಬಿಟ್ರೆ ಎಂತದೂ ಹಿಡಿಯೂದಿಲ್ಲ, ಅದೂ ಅಂಗಳಕ್ಕೆ ಬಂದ್ರೆ ಮಾತ್ರ.

ಕಾಳಿ_ದಂಡೆ (ಕಾರವಾರ):
ಬೇಡ ಮಾರಾಯ್ರೆ. ಕಂತು ಮುಗಿಯೋವರೆಗೆ ಫೋನು ಅವರ ನೆಟ್‌ವರ್ಕಿಗೇ ಲಾಕ್, ಬೇರೆ ಕಂಪನಿ ಸಿಮ್ ಹಾಕಿದ್ರೆ ನಡಿಯೂದಿಲ್ಲ. ಎಟಿ ಆಂಡ್ ಟಿಯವ್ರು ಅದನ್ನ ಬಿಚ್ಚಿಕೊಡ್ಬೇಕಂದ್ರೆ ಪೂರ್ತಿ ದುಡ್ಡು ಕಟ್ಟಿರ್ಬೇಕು, ಮೇಲಿಂದ ಅವರಲ್ಲೇ ಕನಿಷ್ಠ 60 ದಿನ ಓಡಿರ್ಬೇಕು. ಭಾವ ಬರೋದು ಮುಂದಿನ ತಿಂಗಳು ಅಂತೀರಿ, ಲೆಕ್ಕ ಹಾಕಿ. ಆ ಡಿಸ್ಕೌಂಟೂ ಒಂದೇ ಸಲ ಕೈಗೆ ಬರೂದಲ್ಲ, ತಿಂಗಳ ಬಿಲ್ಲಲ್ಲಿ ಚೂರು ಚೂರೇ ಕಳೀತಾ ಬರ್ತಾರೆ, ಮಧ್ಯ ಲೈನ್ ಬಿಟ್ರೆ ಉಳಿದದ್ದು ಖೋತಾ.
ನಾ ಹಡಗಲ್ಲಿದ್ದಾಗ ಅಲ್ಲಿ ಒಂದು ಅಂಗಡೀಲಿ ಅಗ್ಗ ಅಂತ ತಂದಿದ್ದೆ, ಮನೆಗೆ ಬಂದು ಸಿಮ್ ಹಾಕಿದ್ರೆ 'ಸಿಮ್ ನಾಟ್ ಸಪೋರ್ಟೆಡ್'. ಆಮೇಲೆ ವರ್ಷಗಟ್ಟಲೆ ಮಕ್ಕಳು ವೈಫೈಲಿ ಗೇಮ್ ಆಡಿದ್ರು, ನಾನು ಹಳೇ ನೋಕಿಯಾ ಹಿಡ್ಕಂಡು ತಿರುಗಿದೆ.

ಅಡಕೆ_ಅಂಗಳ:
ಹಂಗಾದ್ರೆ ಸಾಲ ಮಾಡಾದ್ರೂ ಅನ್‌ಲಾಕ್ಡೇ ತಾ ಅಂತೀನಿ.

ರಿಪೇರಿ_ಅಂಗಡಿ (ಯಲ್ಲಾಪುರ):
ಸ್ವಲ್ಪ ತಡೀರಿ. ಲಾಕ್ ಇಲ್ಲದಿದ್ರೂ ಒಂದು ಎಡವಟ್ಟಿದೆ. 2022ರ ಐಫೋನ್ 14ರಿಂದ ಈಚೆ ಅಮೆರಿಕದ್ದಕ್ಕೆ ಸಿಮ್ ಟ್ರೇನೇ ಇಲ್ಲ, ಬರೀ ಇಸಿಮ್, ಅಂದ್ರೆ ಕಾರ್ಡಿಲ್ದೆ ಫೋನಿನೊಳಗೇ ಇರೋ ಸಿಮ್. ಜಿಯೋ, ಏರ್‌ಟೆಲ್ ಆದ್ರೆ ಚಿಂತಿಲ್ಲ, ಬಿಎಸ್ಸೆನ್ನೆಲ್‌ನವ್ರು ಇಸಿಮ್ ಶುರು ಮಾಡಿದ್ದೇ 2025ರಲ್ಲಿ, ಹಂಗಾಗಿ ದುಡ್ಡು ಕಳಿಸೂ ಮೊದ್ಲು ಅವರ ಆಫೀಸಿಗೆ ಹೋಗಿ ನಿಮ್ ನಂಬರಿಗೆ ಕೊಡ್ತಾರಾ ಕೇಳ್ಕಂಡು ಬನ್ನಿ. ಇನ್ನೊಂದು, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ ಫೋನ್ ಸತ್ರೆ ನಾವೆಲ್ಲ ಎಂತ ಮಾಡ್ತೇವೆ? ಸಿಮ್ ತೆಗ್ದು ಕೀಪ್ಯಾಡ್ ಸೆಟ್ಟಿಗೆ ಹಾಕ್ಕಂತೇವೆ. ಇಸಿಮ್ಮನ್ನ ಹಂಗೆ ಕಿತ್ತು ಹಾಕೂಕೆ ಬರೂದಿಲ್ಲ.
ಕಂತೇ ಬೇಕಿದ್ರೆ ಇಲ್ಲೇ ಇಎಂಐ ಮೇಲೆ ತಗಳಿ. ಇಲ್ಲಿ ಸಾಲ ಕೊಡೂದು ಬ್ಯಾಂಕು, ಫೈನಾನ್ಸ್‌ನವ್ರು, ಐಫೋನಿಗೆ ಯಾವ ಸಿಮ್ ಬೇಕಾದ್ರೂ ಹಾಕ್ಬಹುದು. ಜಿಯೋಫೋನ್ ನೆನಪಿದ್ಯಲ್ಲ, ಬೇರೆ ಸಿಮ್ ಹಾಕಿದ್ರೆ ಏಳ್ತಿರ್ಲಿಲ್ಲ, ಆ ತರದ್ದು ನಮ್ ಕಡೆ ಅಪರೂಪ.

ಅಡಕೆ_ಅಂಗಳ:
ಟ್ರೇ ಇಲ್ಲ ಅನ್ನೋದು ಭಾವಂಗೂ ಗೊತ್ತಿಲ್ಲ ನೋಡಿ, ದಿನಾ ಕೈಯಲ್ಲೇ ಹಿಡ್ಕಂಡಿದ್ದಾನೆ! ಅವನ ಹಳೇ 13 ಒಂದು ಬಿದ್ದಿದೆಯಂತೆ, ಅದನ್ನೇ ಕೇಳಲಾ?

ರಿಪೇರಿ_ಅಂಗಡಿ:
13ರಲ್ಲಿ ಟ್ರೇ ಇದೆ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ 'ಕ್ಯಾರಿಯರ್ ಲಾಕ್' ಮುಂದೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇದ್ಯಾ ನೋಡಿ ಫೋಟೋ ಕಳ್ಸೂಕೆ ಹೇಳಿ. ಬ್ಯಾಟರಿ ಹೆಲ್ತಿಂದೂ ಒಂದು.